ಇಲಿಗೆ ನೋವು ಕಮ್ಮಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ? ಲಕ್ಕಿ ಸೊಪ್ಪಿನ ಪ್ರಯೋಗದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಮೇಡಂ, ನಾವು ತೀರ್ಥಹಳ್ಳಿ ಕಡೆಯವರು. ಅಮ್ಮಂಗೆ 68 ವರ್ಷ, ಎರಡೂ ಮಂಡಿ ನೋವು. ಲಕ್ಕಿ ಸೊಪ್ಪು ಕುದಿಸಿದ ನೀರಲ್ಲಿ ಸ್ನಾನ ಮಾಡ್ತಾರೆ, ಸೊಪ್ಪು ಬಾಡಿಸಿ ಮಂಡಿಗೆ ಕಟ್ಕೊಳ್ತಾರೆ. ನನ್ನ ತಮ್ಮನ ಮಗಳು ಎಂ.ಫಾರ್ಮ್ ಓದ್ತಿದಾಳೆ, ಅವಳ ಪ್ರಾಜೆಕ್ಟೂ ಇದೇ ಲಕ್ಕಿ ಎಲೆ ಮೇಲೆ. ಎಕ್ಸ್‌ಟ್ರ್ಯಾಕ್ಟ್ (ಎಲೆಯ ಸಾರ) ತೆಗೆದು ಬಿಳಿ ಇಲಿಗಳಿಗೆ ಕೊಟ್ಟು ನೋಡಿದ್ರಂತೆ, 400 ಮಿಲಿಗ್ರಾಂ ಡೋಸಲ್ಲಿ ನೋವು 65% ಕಮ್ಮಿ ಆಯ್ತಂತೆ. ಇಲಿ ಬಾಯಿಬಿಟ್ಟು ಹೇಳಲ್ವಲ್ಲ, ಅದಕ್ಕೆ ನೋವು ಕಮ್ಮಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ? ಇನ್ಮೇಲೆ ಅಮ್ಮ ಕಷಾಯ ಮಾಡ್ಕೊಂಡು ಕುಡೀಬಹುದಾ? ಮತ್ತೆ ಆ ಮೂಕಪ್ರಾಣಿಗಳಿಗೆ ಹಿಂಸೆ ಕೊಡೋದು ಸರೀನಾ ಅಂತ ನನಗೆ ಮನಸ್ಸಲ್ಲಿ ಕೊರೀತಾ ಇದೆ.

ಉತ್ತರ:

ಮೊದಲನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿರೋದು. ಇಲಿಗೆ ನೋವು ಕಮ್ಮಿ ಆಯ್ತು ಅಂತ ನೇರವಾಗಿ ನಮಗೆ ಗೊತ್ತಾಗಲ್ಲ. ಯಾರಿಗೂ ಗೊತ್ತಾಗಲ್ಲ. ನಮಗೆ ಕಾಣೋದು ಅದು ಏನು ಮಾಡ್ತು ಅನ್ನೋದಷ್ಟೇ, ಎಷ್ಟು ಸಲ ಮೈ ಹಿಂಡ್ಕೊಳ್ತು, ಎಷ್ಟು ಸೆಕೆಂಡಿಗೆ ಕಾಲು ನೆಕ್ಕಿತು, ಬಾಲ ಯಾವಾಗ ಎಳ್ಕೊಳ್ತು. ಅದನ್ನ ಎಣಿಸ್ತೀವಿ, ಗಡಿಯಾರ ಹಿಡಿದು ಅಳೀತೀವಿ, ಆಮೇಲೆ ಅದರಿಂದ ನೋವಿನ ಬಗ್ಗೆ ಊಹೆ ಮಾಡ್ತೀವಿ. ಎಣಿಕೆಯಿಂದ ಊಹೆಗೆ ಹೋಗೋ ಆ ದಾರಿಯಲ್ಲಿ ಎಡವೋಕೆ ಹತ್ತಾರು ಕಡೆ ಜಾಗ ಇದೆ, ನಾನು 22 ವರ್ಷದಿಂದ ಫಾರ್ಮಕಾಲಜಿ, ಅಂದ್ರೆ ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತೆ ಅನ್ನೋ ಶಾಸ್ತ್ರ, ಪಾಠ ಮಾಡ್ತಿದೀನಿ, ಹೆಚ್ಚುಕಮ್ಮಿ ಎಲ್ಲ ಕಡೆನೂ ಮಕ್ಕಳು ಎಡವಿದ್ದನ್ನ ನೋಡಿದೀನಿ.

ನಿಮ್ಮ ತಮ್ಮನ ಮಗಳ 65% ಅನ್ನೋದು ಬಹುಶಃ ರೈದಿಂಗ್ ಟೆಸ್ಟಿಂದ ಬಂದಿರುತ್ತೆ, ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಮೊದಲು ಮಾಡೋದು ಅದನ್ನೇ. ಸಣ್ಣ ಬಿಳಿ ಇಲಿ, 20-25 ಗ್ರಾಂ ತೂಗುತ್ತೆ, ಅಂಗೈಯಲ್ಲಿ ಇಟ್ಕೊಂಡ್ರೆ ಒಂದು ನಿಂಬೆಹಣ್ಣಿಗಿಂತ ಹಗುರ. ಅದಕ್ಕೆ ಎಕ್ಸ್‌ಟ್ರ್ಯಾಕ್ಟನ್ನ ಬಾಯಿ ಮೂಲಕ ಕೊಟ್ಟು ಒಂದು ಗಂಟೆ ಬಿಟ್ಟು ಹೊಟ್ಟೆಯೊಳಗೆ 0.6% ಅಸಿಟಿಕ್ ಆಸಿಡ್ ಇಂಜೆಕ್ಷನ್ ಕೊಡ್ತಾರೆ, ವಿನೆಗರಲ್ಲಿ ಇರುತ್ತಲ್ಲ ಅದೇ ಆಸಿಡ್, ಕಾಲು ಮಿಲಿಲೀಟರಿನಷ್ಟು. ಮೂರು-ನಾಲ್ಕು ನಿಮಿಷ ಏನೂ ಆಗಲ್ಲ, ಗಾಜಿನ ಡಬ್ಬಿಯಲ್ಲಿ ಮೂಸ್ಕೊಂಡು ಓಡಾಡ್ತಿರುತ್ತೆ. ಆಮೇಲೆ ಇದ್ದಕ್ಕಿದ್ದಂಗೆ ನಿಂತ್ಬಿಡುತ್ತೆ, ಹೊಟ್ಟೆ ಒಳಕ್ಕೆ ಎಳ್ಕೊಳುತ್ತೆ, ಬೆನ್ನು ಉದ್ದಕ್ಕೆ ನೀಳುತ್ತೆ, ಹಿಂಗಾಲು ಎರಡೂ ಹಿಂದಕ್ಕೆ ಚಾಚಿ ಹೊಟ್ಟೆನ ನೆಲಕ್ಕೆ ಒತ್ತುತ್ತೆ. ಹೊಟ್ಟೆ ನುಲಿಯೋದು ಅಂತೀವಲ್ಲ, ಕಣ್ಣಿಗೆ ಕಾಣೋ ಹಾಗೆ ಅದೇ. ಅದು ಒಂದು ರೈದ್. 5ನೇ ನಿಮಿಷದಿಂದ 20 ನಿಮಿಷ ಹೀಗೆ ಎಷ್ಟಾಯ್ತು ಅಂತ ಕೈಯಲ್ಲಿ ಕೌಂಟರ್ ಒತ್ತುತ್ತಾ ಎಣಿಸೋದು. ಬರೀ ನೀರು ಕುಡಿಸಿದ ಗುಂಪಲ್ಲಿ (ಇದಕ್ಕೆ ಕಂಟ್ರೋಲ್ ಗುಂಪು ಅಂತಾರೆ) ಸರಾಸರಿ 48 ಬಂದು, ಎಕ್ಸ್‌ಟ್ರ್ಯಾಕ್ಟ್ ಕೊಟ್ಟ ಗುಂಪಲ್ಲಿ 17 ಬಂತು ಅನ್ನಿ, ವ್ಯತ್ಯಾಸ 31, ಅದನ್ನ 48ರಿಂದ ಭಾಗಿಸಿದ್ರೆ ಸುಮಾರು 65%. ಅಂದ್ರೆ 65% ನೋವು ಹೋಯ್ತು ಅಂತಲ್ಲ, ನುಲಿಯೋದು 65% ಕಮ್ಮಿ ಆಯ್ತು ಅಂತ. ಈ ಎರಡು ಮಾತಿನ ಮಧ್ಯೆ ಇರೋ ಅಂತರ ದಯವಿಟ್ಟು ನೆನಪಿಟ್ಕೊಳಿ.

ಯಾಕಂದ್ರೆ ಈ ಟೆಸ್ಟ್ ತುಂಬ ಸೂಕ್ಷ್ಮ, ಆದ್ರೆ ಸಿಕ್ಕಿದ್ದಕ್ಕೆಲ್ಲ ಹೂಂ ಅನ್ನುತ್ತೆ. ನೋವಿನ ಮಾತ್ರೆಗೂ ನುಲಿಯೋದು ಕಮ್ಮಿ ಆಗುತ್ತೆ, ನೋವಿಗೆ ಸಂಬಂಧವೇ ಇಲ್ಲದ ಅಲರ್ಜಿ ಮಾತ್ರೆಗೂ ಆಗುತ್ತೆ, ಸ್ನಾಯು ಸಡಿಲ ಮಾಡೋ ಔಷಧಿಗೂ ಆಗುತ್ತೆ. ಹಾಗಾಗಿ ಇದೊಂದೇ ಟೆಸ್ಟ್ ಮಾಡಿ ಈ ಗಿಡ ನೋವು ನಿವಾರಕ ಅಂತ ಬರೆದ್ರೆ ನಾನಂತೂ ಪರೀಕ್ಷಕಿಯಾಗಿ ಒಪ್ಪಲ್ಲ.

ಅದಕ್ಕೇ ಇನ್ನೊಂದು ಟೆಸ್ಟ್ ಜೊತೆಗೆ ಮಾಡ್ತಾರೆ, ಹಾಟ್ ಪ್ಲೇಟ್. 1944ರಿಂದ ಬಳಕೆಯಲ್ಲಿರೋ ವಿಧಾನ. 55 ಡಿಗ್ರಿಗೆ ಕಾದ ತಟ್ಟೆ ಮೇಲೆ ಇಲಿನ ಬಿಟ್ಟು ಅದು ಕಾಲು ನೆಕ್ಕೋಕೆ ಅಥವಾ ಹಾರೋಕೆ ಎಷ್ಟು ಸೆಕೆಂಡ್ ತಗೊಳುತ್ತೆ ನೋಡೋದು. ನೆಕ್ಕಿದ ತಕ್ಷಣ ಎತ್ಬಿಡಬೇಕು. ನೆಕ್ಕದೇ ಇದ್ರೂ 15 ಸೆಕೆಂಡಿಗೆ ಎತ್ಲೇಬೇಕು, ಇಲ್ಲಾಂದ್ರೆ ಪಾದ ಸುಡುತ್ತೆ, ಅದಕ್ಕೆ ಕಟ್ ಆಫ್ ಅಂತಾರೆ. ಆ ಸ್ಟಾಪ್‌ವಾಚ್ ಹಿಡಿದಿರೋ ಹುಡುಗ ಆ 15 ಸೆಕೆಂಡ್ ಫೋನ್ ಕಡೆ ನೋಡಿದ್ರೆ ಅವನನ್ನ ನಾನು ಅವತ್ತು ಲ್ಯಾಬಿಂದ ಆಚೆ ಕಳಿಸ್ತೀನಿ, ಇದರಲ್ಲಿ ನನಗೆ ಮುಲಾಜಿಲ್ಲ. ಆಸ್ಪಿರಿನ್ ಥರದ ಮಾತ್ರೆಗಳು ಈ ಟೆಸ್ಟಲ್ಲಿ ಅಷ್ಟಾಗಿ ಕೆಲಸ ಮಾಡಲ್ಲ, ಮಾರ್ಫಿನ್ ಥರದ್ದು ಚೆನ್ನಾಗಿ ಮಾಡುತ್ತೆ, ಯಾಕಂದ್ರೆ ಇಲ್ಲಿ ಊತ ಇಲ್ಲ, ಬರೀ ಬಿಸಿ, ಅದನ್ನ ಮೆದುಳಿನ ಮಟ್ಟದಲ್ಲೇ ತಡೀಬೇಕು.

ಇದರಲ್ಲೂ ಮೋಸ ಹೋಗಬಹುದು. ಹಿಂದೆ ನಾನು ಕೆಲಸ ಮಾಡ್ತಿದ್ದ ಕಾಲೇಜಲ್ಲಿ ಒಂದು ಪಿಜಿ ಬ್ಯಾಚು, ಬೇರೆ ಯಾವುದೋ ಗಿಡ, ಹಾಟ್ ಪ್ಲೇಟಲ್ಲಿ ಅದ್ಭುತ ರಿಸಲ್ಟ್, 4 ಸೆಕೆಂಡ್ ಇದ್ದದ್ದು 13 ಸೆಕೆಂಡಿಗೆ ಹೋಗಿತ್ತು. ಆ ಹುಡುಗಿಗೆ ಖುಷಿಯೋ ಖುಷಿ. ಸಂಜೆ ನಾನು ಅನಿಮಲ್ ಹೌಸಿಗೆ ಹೋಗಿ ಆ ಗುಂಪಿನ ಪಂಜರ ನೋಡಿದೆ, ಆರು ಇಲಿಗಳಲ್ಲಿ ನಾಲ್ಕು ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ವು, ಒಂದನ್ನ ಎತ್ತಿ ಮೇಜಿನ ಮೇಲೆ ಬಿಟ್ರೆ ಹಿಂಗಾಲು ಎರಡು ಕಡೆ ಜಾರ್ಕೊಂಡು ಹೋಗ್ತಿತ್ತು, ತಿರುಗಿಸಿ ಮಲಗಿಸಿದ್ರೆ ನಿಧಾನಕ್ಕೆ ಎದ್ದು ನಿಲ್ತಿತ್ತು. ಮಾರನೇ ದಿನ ರೋಟಾರಾಡ್ ಮೇಲೆ, ಅಂದ್ರೆ ನಿಧಾನಕ್ಕೆ ತಿರುಗೋ ಕೋಲು ಅದು, ಅದರ ಮೇಲೆ ಬಿಟ್ಟು ನೋಡಿದ್ವಿ, ಆರೋಗ್ಯವಾಗಿರೋ ಇಲಿ ನಿಮಿಷಗಟ್ಟಲೆ ನಡೆಯುತ್ತೆ, ಇವು ಹತ್ತು ಸೆಕೆಂಡಿಗೆ ಬಿದ್ವು. ನೋವು ಹೋಗಿರಲಿಲ್ಲ, ಅವುಕ್ಕೆ ಮಂಪರು ಬಂದಿತ್ತು. ಕಾಲು ಸುಡ್ತಿದ್ರೂ ನೆಕ್ಕೋಕೆ ಆಗದಷ್ಟು ಮಂಪರು. ಆ ಹುಡುಗಿ ಕೂತು ಅತ್ಳು, ನನಗೂ ಬೇಜಾರಾಯ್ತು, ಆದ್ರೆ ಇಲಿಗಳಿಗೆ ಆಗಿದ್ದು ಅದಕ್ಕಿಂತ ದೊಡ್ಡ ಅನ್ಯಾಯ, ಮೊದಲೇ ರೋಟಾರಾಡ್ ಮಾಡಿದ್ರೆ ಹಾಟ್ ಪ್ಲೇಟ್ ಮೇಲೆ ಹಾಕೋ ಅಗತ್ಯವೇ ಇರ್ತಿರಲಿಲ್ಲ. ಅವತ್ತಿಂದ ನನ್ನ ಕೈಕೆಳಗೆ ಯಾರೇ ನೋವಿನ ಕೆಲಸ ಮಾಡಲಿ, ಮೊದಲು ಇಲಿ ಸರಿಯಾಗಿ ನಡೆಯುತ್ತಾ ತೋರಿಸಿ ಅಂತೀನಿ.

ಬಾಲದ ಟೆಸ್ಟೂ ಇದೆ, ಟೈಲ್ ಫ್ಲಿಕ್, 1941ರದ್ದು. ಬಾಲದ ಮೇಲೆ ಬಿಸಿ ಬೆಳಕು ಬಿಟ್ಟು ಎಷ್ಟೊತ್ತಿಗೆ ಎಳ್ಕೊಳುತ್ತೆ ನೋಡೋದು. ಅದು ಬೆನ್ನುಹುರಿ ಮಟ್ಟದ ಪ್ರತಿಕ್ರಿಯೆ, ನಾವು ಬಿಸಿ ಕಾವಲಿ ಮುಟ್ಟಿದ್ರೆ ಯೋಚನೆ ಮಾಡೋಕೂ ಮುಂಚೆ ಕೈ ತೆಗೀತೀವಲ್ಲ ಹಾಗೆ.

ನನ್ನನ್ನ ಕೇಳಿದ್ರೆ ಇವುಗಳಲ್ಲಿ ಜಾಸ್ತಿ ವಿಷಯ ಹೇಳೋದು ಫಾರ್ಮಾಲಿನ್ ಟೆಸ್ಟ್. 1977ರಲ್ಲಿ ಬಂದಿದ್ದು. ಹಿಂಗಾಲಿನ ಪಾದಕ್ಕೆ ತೀರಾ ಸ್ವಲ್ಪ, 20 ಮೈಕ್ರೋಲೀಟರ್, ತೆಳು ಮಾಡಿದ ಫಾರ್ಮಾಲಿನ್ ಅನ್ನೋ ಉರಿ ತರಿಸೋ ದ್ರಾವಣ ಹಾಕ್ತಾರೆ. ಇಲಿ ಮೊದಲ 5 ನಿಮಿಷ ಪಾದ ನೆಕ್ಕುತ್ತೆ, ಆಮೇಲೆ ಹತ್ತು ನಿಮಿಷ ಸುಮ್ಮನಾಗುತ್ತೆ, 15ರಿಂದ 30ನೇ ನಿಮಿಷ ಮತ್ತೆ ನೆಕ್ಕೋಕೆ ಶುರು ಮಾಡುತ್ತೆ. ಮೊದಲನೇದು ನರಕ್ಕೆ ನೇರವಾಗಿ ಚುಚ್ಚಿದ ನೋವು, ಎರಡನೇದು ಊತ, ಉರಿ ಬಂದು ಆಗೋ ನೋವು, ನಿಮ್ಮ ಅಮ್ಮನ ಮಂಡಿ ನೋವಿಗೆ ಸ್ವಲ್ಪ ಹತ್ತಿರದ್ದು ಅಂದ್ರೆ ಇದು. ಮಾರ್ಫಿನ್ ಕೊಟ್ರೆ ಎರಡೂ ತಗ್ಗುತ್ತೆ. ಡೈಕ್ಲೋಫೆನಾಕ್, ಆಸ್ಪಿರಿನ್ ಥರದ್ದು ಕೊಟ್ರೆ ಮುಖ್ಯವಾಗಿ ಎರಡನೇದು ತಗ್ಗುತ್ತೆ, ಯಾಕಂದ್ರೆ ಅವು ಕೆಲಸ ಮಾಡೋದೇ ಪ್ರೊಸ್ಟಾಗ್ಲಾಂಡಿನ್ ಅನ್ನೋ ಊತದ ಪದಾರ್ಥ ತಯಾರಾಗದ ಹಾಗೆ ತಡೆದು. ಇದನ್ನ 1971ರಲ್ಲಿ ಜಾನ್ ವೇನ್ ತೋರಿಸಿಕೊಟ್ರು, 1982ರಲ್ಲಿ ನೊಬೆಲ್ಲೂ ಬಂತು. ಹಾಗಾಗಿ ಒಂದು ಎಕ್ಸ್‌ಟ್ರ್ಯಾಕ್ಟ್ ಯಾವ ಹಂತ ತಗ್ಗಿಸ್ತು ಅಂತ ನೋಡಿದ್ರೆ ಅದು ಯಾವ ದಾರಿಲಿ ಕೆಲಸ ಮಾಡ್ತಿದೆ ಅನ್ನೋ ಸುಳಿವು ಸಿಗುತ್ತೆ. ಮಾರ್ಫಿನ್ ದಾರಿನೇ ಅಂತ ಅನುಮಾನ ಬಂದ್ರೆ ಜೊತೆಗೆ ನಾಲಾಕ್ಸೋನ್ ಕೊಡ್ತಾರೆ, ಅದು ಮಾರ್ಫಿನ್ ಕೂರೋ ಜಾಗದಲ್ಲಿ ತಾನು ಕೂತ್ಬಿಡುತ್ತೆ, ಆಗ ಎಕ್ಸ್‌ಟ್ರ್ಯಾಕ್ಟಿನ ಪರಿಣಾಮ ಹೋದ್ರೆ ಅನುಮಾನ ನಿಜ ಅಂತ.

ಇಲಿ ಹೇಳಲ್ವಲ್ಲ ಅಂತ ಕೇಳಿದ್ರಿ. ಮುಖದಲ್ಲಿ ಹೇಳುತ್ತೆ. 2010ರಲ್ಲಿ ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿಯವರು ಇಲಿ ಮುಖದ ಫೋಟೋಗಳನ್ನ ಇಟ್ಕೊಂಡು ಒಂದು ಅಳತೆಗೋಲು ಮಾಡಿದ್ರು, ಕಣ್ಣು ಎಷ್ಟು ಮುಚ್ಚಿದೆ, ಮೂಗಿನ ಮೇಲೆ ಉಬ್ಬಿದೆಯಾ, ಕೆನ್ನೆ ಉಬ್ಬಿದೆಯಾ, ಕಿವಿ ಹಿಂದಕ್ಕೆ ಹೋಗಿದೆಯಾ, ಮೀಸೆ ಹೇಗೆ ನಿಂತಿದೆ, ಒಂದೊಂದಕ್ಕೂ 0, 1, 2 ಅಂತ ಅಂಕ. ಒಂದ್ಸಲ ಕಲಿತ್ರೆ ಆಮೇಲೆ ಪಂಜರದ ಮುಂದೆ ಸುಮ್ಮನೆ ಹಾದು ಹೋಗೋಕೆ ಆಗಲ್ಲ, ಕಣ್ಣು ಕಿರಿದಾಗಿರೋ ಇಲಿ ತಾನಾಗೇ ಕಾಣುತ್ತೆ. ಅದೇ ಕಡೆಯವರು 2014ರಲ್ಲಿ ಇನ್ನೊಂದು ವಿಷಯ ಹೇಳಿದ್ರು, ಪ್ರಯೋಗ ಮಾಡೋರು ಗಂಡಸರಾಗಿದ್ರೆ, ಅಷ್ಟೇ ಯಾಕೆ, ಗಂಡಸರು ಹಾಕಿದ್ದ ಟೀ ಶರ್ಟ್ ಹತ್ತಿರ ಇಟ್ರೂ ಇಲಿಗಳು ನೋವು ಕಮ್ಮಿ ತೋರಿಸ್ತವೆ, ಆ ವಾಸನೆಗೆ ಗಾಬರಿ ಬಿದ್ದು. ಹಾಗಾದ್ರೆ ಬೆಳಗ್ಗೆ ಕಂಟ್ರೋಲ್ ಗುಂಪನ್ನ ಹುಡುಗಿ ನೋಡಿ ಮಧ್ಯಾಹ್ನ ಡೋಸ್ ಗುಂಪನ್ನ ಅವಳ ಕ್ಲಾಸ್‌ಮೇಟ್ ಹುಡುಗ ನೋಡಿದ್ರೆ, ಬಂದ ವ್ಯತ್ಯಾಸ ಗಿಡದ್ದೋ ಹುಡುಗಂದೋ? ಇದಕ್ಕೇ ಹೇಳೋದು ಶುರುವಿಂದ ಕೊನೆವರೆಗೂ ಒಬ್ಬರೇ ಎಣಿಸಬೇಕು, ಮತ್ತೆ ಎಣಿಸೋರಿಗೆ ಯಾವ ಪಂಜರಕ್ಕೆ ಏನು ಕೊಟ್ಟಿದೆ ಅಂತ ಗೊತ್ತೇ ಇರಬಾರದು. ಇದು ನಮ್ಮಲ್ಲಿ ಬಹಳ ಕಡೆ ನಡೆಯಲ್ಲ, ಎಕ್ಸ್‌ಟ್ರ್ಯಾಕ್ಟ್ ತೆಗೆದೋಳೂ ಅವಳೇ, ಕುಡಿಸಿದೋಳೂ ಅವಳೇ, ಎಣಿಸೋಳೂ ಅವಳೇ, ಅರ್ಧ ನುಲಿತ ಬಂದಾಗ ಕೌಂಟರ್ ಒತ್ತಬೇಕಾ ಬೇಡ್ವಾ ಅನ್ನೋದು ಮನಸ್ಸಿನ ಆಸೆ ಕಡೆಗೇ ವಾಲುತ್ತೆ, ಅದಕ್ಕೆ ಕೆಟ್ಟವರಾಗಿರಬೇಕಿಲ್ಲ.

ಇನ್ನು ಗಿಡದ ವಿಷಯ. ಲಕ್ಕಿ ಅಂದ್ರೆ ಯಾವ ಲಕ್ಕಿ? ನಿರ್ಗುಂಡಿ ಅನ್ನೋ ಬಿಳಿ ಲಕ್ಕಿ ಬೇರೆ, ಮೂರು ಅಥವಾ ಐದು ಎಲೆ ಒಂದೇ ತೊಟ್ಟಲ್ಲಿ, ಎಲೆ ಹಿಂಭಾಗ ಬೂದು ಬಿಳಿ, ತಿಳಿ ನೀಲಿ ಹೂ. ಕರಿನೆಕ್ಕಿ ಅನ್ನೋದು ಬೇರೆ ಕುಟುಂಬದ್ದೇ ಗಿಡ, ಕೆಲವು ಕಡೆ ಅದಕ್ಕೂ ಕರಿಲಕ್ಕಿ ಅಂತಾರೆ, ಅದನ್ನೂ ನೋವಿಗೆ ಬಳಸ್ತಾರೆ. ಮಾರ್ಕೆಟಿಂದ ಒಣಗಿದ ಪುಡಿ ತಂದು ಶುರು ಮಾಡಿದ್ರೆ ಏನು ತಂದ್ವಿ ಅಂತ ದೇವರಿಗೇ ಗೊತ್ತು. ಸಸ್ಯಶಾಸ್ತ್ರದವರ ಹತ್ತಿರ ಹೂವಿನ ಸಮೇತ ಕೊಂಬೆ ಗುರುತು ಮಾಡಿಸಿ, ಒತ್ತಿ ಒಣಗಿಸಿದ ಮಾದರಿ ಒಂದು ನಂಬರ್ ಹಾಕಿ ಇಡಬೇಕು, ಅದಿಲ್ಲದ ಥೀಸಿಸ್‌ಗೆ ಬೆಲೆ ಇಲ್ಲ.

ಗಿಡ ಸರಿಯಾಗಿ ಗುರುತು ಮಾಡಿದ್ರೂ ಸಾಲಲ್ಲ ಅನ್ನೋದಕ್ಕೆ ಒಂದು ದೊಡ್ಡ ಉದಾಹರಣೆ ಆಫ್ರಿಕಾದ ಕ್ಯಾಮರೂನಿಂದ್ದು. ಅಲ್ಲಿ ನೋವಿಗೆ ಬಳಸೋ ಒಂದು ಮರ, ನಾಕ್ಲಿಯಾ ಲ್ಯಾಟಿಫೋಲಿಯಾ ಅಂತ. ಅದರ ಬೇರಿನ ತೊಗಟೆಯಲ್ಲಿ ಟ್ರಮಡಾಲ್ ಇದೆ ಅಂತ 2013ರಲ್ಲಿ ಪ್ರಕಟ ಆಯ್ತು. ಟ್ರಮಡಾಲ್ ಅಂದ್ರೆ ಮನುಷ್ಯರೇ ಫ್ಯಾಕ್ಟರಿಲಿ ಮಾಡೋ ನೋವಿನ ಮಾತ್ರೆ, ಅದು ಮರದಲ್ಲಿ ಸಿಕ್ತು ಅಂದ್ರೆ ಪ್ರಪಂಚವೇ ಬೆರಗಾಯ್ತು. 2014ರಲ್ಲಿ ಜರ್ಮನಿಯ ಡಾರ್ಟ್ಮಂಡಿನ ವಿಜ್ಞಾನಿಗಳು ಅಲ್ಲಿನ ಮಣ್ಣು, ನೀರು, ಬೇರೆ ಬೇರೆ ಗಿಡ ಎಲ್ಲ ತಂದು ನೋಡಿದ್ರೆ ಅವುಗಳಲ್ಲೂ ಟ್ರಮಡಾಲ್. ಅಲ್ಲಿನ ರೈತರು ಬಿಸಿಲಲ್ಲಿ ದುಡಿಯೋಕೆ ಆಗಲಿ ಅಂತ ಆ ಮಾತ್ರೆ ನುಂಗ್ತಿದ್ರು, ಎತ್ತುಗಳಿಗೂ ತಿನ್ನಿಸ್ತಿದ್ರು, ಗಂಜಲ ಸಗಣಿ ಮೂಲಕ ಮಣ್ಣಿಗೆ ಹೋಗಿ ಬೇರಿಗೆ ಹತ್ತಿತ್ತು ಅಂತ ಅವರು ಹೇಳಿದ್ರು. ಮೊದಲಿನವರು ಒಪ್ಪಲಿಲ್ಲ, ವಾದ ಮುಂದುವರೀತು, ಆದ್ರೆ ಆ ಎತ್ತುಗಳ ವಿಷಯ ಓದಿದಾಗ ನನಗೆ ಎದೆ ಝಲ್ಲಂದಿತ್ತು.

ಎಕ್ಸ್‌ಟ್ರ್ಯಾಕ್ಟ್ ತೆಗೆಯೋದು ಹೇಗೆ ಅನ್ನೋದೂ ಮುಖ್ಯ. ನಿಮ್ಮ ಅಮ್ಮ ಮಾಡೋದು ನೀರಲ್ಲಿ ಕುದಿಸೋದು. ಕಾಲೇಜಲ್ಲಿ ಸಾಮಾನ್ಯವಾಗಿ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಅನ್ನೋ ಗಾಜಿನ ಉಪಕರಣದಲ್ಲಿ ಆಲ್ಕೋಹಾಲ್ ಹಾಕಿ ಗಂಟೆಗಟ್ಟಲೆ ಇಳಿಸ್ತಾರೆ, ಆಮೇಲೆ ಆಲ್ಕೋಹಾಲ್ ಹಾರಿಸಿದ್ರೆ ಜೋನಿಬೆಲ್ಲದ ಥರ ಹಸಿರುಕಪ್ಪು ಅಂಟು ಉಳಿಯುತ್ತೆ. ನೀರಿಗೆ ಬಿಡೋ ಅಂಶ ಬೇರೆ, ಆಲ್ಕೋಹಾಲಿಗೆ ಬಿಡೋದು ಬೇರೆ. ಆ ಅಂಟಿನ ರಿಸಲ್ಟ್ ತಂದು ಕಷಾಯಕ್ಕೆ ಹಚ್ಚೋಕೆ ಬರಲ್ಲ. ಅಂದಹಾಗೆ ಲಕ್ಕಿ ಮೇಲೆ ಕೆಲಸ ಆಗಿರೋದು ಇದೇ ಮೊದಲೇನಲ್ಲ, ಶ್ರೀಲಂಕಾದವರು 2003ರಲ್ಲೇ ಬಲಿತ ಹಸಿ ಎಲೆಯ ನೀರಿನ ಸಾರವನ್ನ ಇಲಿಗಳಿಗೆ ಬಾಯಿ ಮೂಲಕ ಕೊಟ್ಟು, ನೋವು ಮತ್ತೆ ಊತ ಎರಡಕ್ಕೂ ಪರಿಣಾಮ ಕಾಣುತ್ತೆ ಅಂತ ಪ್ರಕಟಿಸಿದ್ರು. ಹಾಗಾಗಿ ನಿಮ್ಮ ಅಮ್ಮನ ನಂಬಿಕೆಯಲ್ಲಿ ಹುರುಳಿಲ್ಲ ಅಂತ ನಾನು ಖಂಡಿತ ಹೇಳಲ್ಲ.

ಹಿಂಸೆ ಸರೀನಾ ಅಂತ ಕೇಳಿದ್ದೀರಿ, ಇದನ್ನ ಕೇಳಿದ್ದು ನನಗೆ ತುಂಬ ಇಷ್ಟ ಆಯ್ತು. ಕಾನೂನು ಏನಂದ್ರೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕೆಳಗೆ ಕೇಂದ್ರ ಸರ್ಕಾರದ ಒಂದು ಸಮಿತಿ ಇದೆ, ಮೊದಲು ಸಿಪಿಸಿಎಸ್‌ಇಎ ಅಂತಿದ್ರು ಈಗ ಸಿಸಿಎಸ್‌ಇಎ. ಕಾಲೇಜಿನ ಅನಿಮಲ್ ಹೌಸ್ ಅಲ್ಲಿ ನೋಂದಣಿ ಆಗಿರಬೇಕು, ಕಾಲೇಜಲ್ಲೇ ಒಂದು ನೈತಿಕ ಸಮಿತಿ ಇರಬೇಕು, ಅದರಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ, ವಿಜ್ಞಾನದವರಲ್ಲದ ಒಬ್ಬರು, ಕೇಂದ್ರ ಸಮಿತಿ ಕಡೆಯವರು ಎಲ್ಲ ಇರ್ತಾರೆ, ಅವರು ಫಾರ್ಮ್ ಬಿ ಅನ್ನೋ ಪ್ರಯೋಗದ ಅರ್ಜಿ ನೋಡಿ ಒಪ್ಪಿದ ಮೇಲೇ ಒಂದು ಇಲಿ ಮುಟ್ಟಬಹುದು. ಕಂಟ್ರೋಲ್, ಸ್ಟ್ಯಾಂಡರ್ಡ್ (ಗೊತ್ತಿರೋ ನೋವಿನ ಮಾತ್ರೆ ಕೊಡೋ ಗುಂಪು), ಮೂರು ಡೋಸ್, ಹೀಗೆ ಐದು ಗುಂಪು, ಗುಂಪಿಗೆ ಆರು ಅಂದ್ರೆ ಒಂದು ಟೆಸ್ಟಿಗೆ 30 ಇಲಿ, ಮೂರು ಟೆಸ್ಟಿಗೆ 90. ಬದಲಿ ದಾರಿ ಇದ್ರೆ ಅದನ್ನ ಹಿಡಿ, ಸಂಖ್ಯೆ ಇಳಿಸು, ನೋವು ಇಳಿಸು ಅಂತ 1959ರಲ್ಲೇ ರಸೆಲ್ ಮತ್ತು ಬರ್ಚ್ ಹೇಳಿಟ್ಟ ಮೂರು ಸೂತ್ರಗಳನ್ನ ಎಲ್ಲ ಕಡೆ ಪಾಠ ಮಾಡ್ತೀವಿ.

ನನ್ನ ಸ್ವಂತ ಅಭಿಪ್ರಾಯ ಕೇಳಿದ್ರೆ, ಹೊಸ ಅಣುವೊಂದು ಮನುಷ್ಯರಿಗೆ ಹೋಗೋ ಮುಂಚೆ ಪ್ರಾಣಿಗಳಲ್ಲಿ ನೋಡೋದು ಇವತ್ತಿಗೂ ಬೇಕು. ಆದ್ರೆ ಹತ್ತು ಕಡೆ ಆಗಿರೋ ಅದೇ ಗಿಡದ ಅದೇ ಎಲೆ, ಅದೇ ರೈದಿಂಗ್ ಟೆಸ್ಟ್, ಡಿಗ್ರಿ ಮುಗಿಸೋಕೆ ಹನ್ನೊಂದನೇ ಸಲ ಮಾಡೋದು, ಅದೂ ಯಾವ ಪಂಜರಕ್ಕೆ ಏನು ಕೊಟ್ಟಿದೆ ಅಂತ ಎಣಿಸೋರಿಂದ ಮುಚ್ಚಿಡದೆ, ರೋಟಾರಾಡ್ ನೋಡದೆ, ಇದು ನನಗೆ ತಪ್ಪು ಅನ್ನಿಸುತ್ತೆ, ಬರೀ ಅನ್ನಿಸೋದಲ್ಲ, ತಪ್ಪು. ಆ ಇಲಿ ಹೊಟ್ಟೆ ನುಲಿದಿದ್ದಕ್ಕೆ ಪ್ರತಿಯಾಗಿ ಒಂದು ಹೊಸ ವಿಷಯವಾದ್ರೂ ಪ್ರಪಂಚಕ್ಕೆ ಸಿಗಬೇಕು. ಸಮಿತಿಯಲ್ಲಿ ಕೂತಾಗ ನಾನು ಕೇಳೋ ಮೊದಲ ಪ್ರಶ್ನೆ ಇದು, ಇದನ್ನ ಈಗಾಗಲೇ ಯಾರು ಮಾಡಿದ್ದಾರೆ, ನೀನು ಮಾಡಿದ್ರೆ ಏನು ಹೊಸದು ಗೊತ್ತಾಗುತ್ತೆ? ಉತ್ತರ ಬರದಿದ್ರೆ ಸಹಿ ಹಾಕಲ್ಲ.

ಈಗ ಅಮ್ಮನ ಕಷಾಯ. 400 ಮಿಲಿಗ್ರಾಂ ಅಂದ್ರೆ ಒಂದು ಕಿಲೋ ತೂಕಕ್ಕೆ 400. ಹಾಗಂತ 60 ಕಿಲೋ ಇರೋರಿಗೆ 24 ಗ್ರಾಂ ಅಂತ ಗುಣಿಸಬಾರದು. ಸಣ್ಣ ಪ್ರಾಣಿಯ ದೇಹ ಔಷಧಿನ ಬೇಗ ಸುಟ್ಟುಹಾಕುತ್ತೆ, ಅದಕ್ಕೆ ಸಣ್ಣ ಇಲಿಯ ಡೋಸನ್ನ ಮನುಷ್ಯರಿಗೆ ತಿರುಗಿಸುವಾಗ ಹತ್ತಿರ ಹತ್ತಿರ 12ರಿಂದ ಭಾಗಿಸ್ತಾರೆ. ಕಿಲೋಗೆ ಸುಮಾರು 32 ಮಿಲಿಗ್ರಾಂ ಆಯ್ತು, 60 ಕಿಲೋಗೆ 2 ಗ್ರಾಂ ಎಕ್ಸ್‌ಟ್ರ್ಯಾಕ್ಟ್. 100 ಗ್ರಾಂ ಒಣ ಎಲೆಯಿಂದ 10 ಗ್ರಾಂ ಅಂಟು ಸಿಗುತ್ತೆ ಅಂತಿಟ್ಕೊಂಡ್ರೆ ದಿನಕ್ಕೆ 20 ಗ್ರಾಂ ಒಣ ಎಲೆ. ಒಣ ಲಕ್ಕಿ ಎಲೆ 20 ಗ್ರಾಂ ತೂಗಿ ನೋಡಿ, ಎಷ್ಟು ದೊಡ್ಡ ರಾಶಿ ಅಂತ ಗೊತ್ತಾಗುತ್ತೆ, ಯಾರೂ ಅಷ್ಟು ಕುಡಿಯಲ್ಲ, ಕುಡೀಲೂಬಾರದು. ಈ ಲೆಕ್ಕ ಮನುಷ್ಯರ ಮೇಲೆ ಪ್ರಯೋಗ ಶುರು ಮಾಡೋರಿಗೆ ಅಂದಾಜು ಸಿಗಲಿ ಅಂತ ಇರೋದು, ಮನೆಯಲ್ಲಿ ಅಳತೆ ಮಾಡ್ಕೊಳೋಕಲ್ಲ.

ಎಕ್ಸ್‌ಟ್ರ್ಯಾಕ್ಟ್ ಸೇಫ್ ಅಂತ ಬಂದಿದೆಯಲ್ಲ ಅಂತ ನಿಮ್ಮ ತಮ್ಮನ ಮಗಳು ಹೇಳಬಹುದು. ಆ ಸೇಫ್ ಅಂದ್ರೆ ಸಾಮಾನ್ಯವಾಗಿ ಇಷ್ಟೇ, ಮೂರು ಹೆಣ್ಣು ಇಲಿಗೆ ಒಂದೇ ಒಂದು ಸಲ ಕಿಲೋಗೆ 2000 ಮಿಲಿಗ್ರಾಂ ಕೊಟ್ಟು 14 ದಿನ ನೋಡಿದ್ರು, ಸಾಯಲಿಲ್ಲ, ಇನ್ನೊಂದು ಮೂರರಲ್ಲಿ ಮತ್ತೆ ನೋಡಿದ್ರು, ಸಾಯಲಿಲ್ಲ. ದಿನಾ ಕುಡಿದ್ರೆ ಲಿವರ್, ಕಿಡ್ನಿ ಏನಾಗುತ್ತೆ ಅನ್ನೋದಕ್ಕೆ 28 ದಿನ, 90 ದಿನದ ಟೆಸ್ಟುಗಳೇ ಬೇರೆ ಇವೆ, ಎಂ.ಫಾರ್ಮ್ ಪ್ರಾಜೆಕ್ಟಲ್ಲಿ ಅವು ಅಪರೂಪ. ಇನ್ನೊಂದು, ರೈದಿಂಗ್ ಟೆಸ್ಟಿನ ನೋವು 20 ನಿಮಿಷದ್ದು, ಅಮ್ಮನ ಮಂಡಿಯದು ಸವೆದು ಸವೆದು ವರ್ಷಗಟ್ಟಲೆ ಆಗಿದ್ದು. ಅಂಥ ನೋವಿಗೆ ದೊಡ್ಡ ಇಲಿಯ ಮಂಡಿ ಕೀಲಿಗೇ ಅದನ್ನ ಸವೆಸೋ ರಾಸಾಯನಿಕ ಹಾಕಿ ವಾರಗಟ್ಟಲೆ ನೋಡೋ ಬೇರೆ ವಿಧಾನ ಇದೆ, ಇವಳು ಮಾಡಿರೋದು ಅದಲ್ಲ.

ಹಾಗಾಗಿ ಸ್ನಾನ, ಕಟ್ಟು, ಶಾಖ ಅಮ್ಮ ಆರಾಮಾಗಿ ಮುಂದುವರಿಸಲಿ, ಚರ್ಮ ಕೆಂಪಾದ್ರೆ, ತುರಿಕೆ ಬಂದ್ರೆ ಮಾತ್ರ ನಿಲ್ಲಿಸಿ. ಹೊಟ್ಟೆಗೆ ಬೇಡ. ಆಯುರ್ವೇದದಲ್ಲಿ ನಿರ್ಗುಂಡಿನ ಒಳಗೂ ಕೊಡ್ತಾರೆ ನಿಜ, ಅದು ಓದಿರೋ ವೈದ್ಯರು ಅಮ್ಮನ್ನ ನೋಡಿ, ಅವರು ತಗೊಳೋ ಬಿಪಿ, ಶುಗರ್, ರಕ್ತ ತೆಳು ಮಾಡೋ ಮಾತ್ರೆ ಎಲ್ಲ ಕೇಳಿ, ಅಳತೆ ಹೇಳಿ ಕೊಟ್ರೆ ಸರಿ, ಇಲಿ ರಿಸಲ್ಟ್ ನೋಡಿ ನಾವೇ ಶುರು ಮಾಡ್ಕೊಳೋದಲ್ಲ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಲ್ಲಿ ಮಾರೋ ಹೆಸರಿಲ್ಲದ ಮಂಡಿ ನೋವಿನ ಪುಡಿ ಅಂತೂ ಮುಟ್ಟಬೇಡಿ, ಎರಡೇ ದಿನಕ್ಕೆ ನೋವು ಮಾಯ ಆಯ್ತು, ಮುಖ ಊದಿಕೊಳ್ತು ಅಂದ್ರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರೋ ಸಾಧ್ಯತೆನೇ ಜಾಸ್ತಿ. ಮೂಳೆ ಡಾಕ್ಟರಿಗೆ ಒಂದ್ಸಲ ಮಂಡಿ ತೋರಿಸಿ, ತೊಡೆಯ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ ಹೇಳಿಸ್ಕೊಳಿ, ಅದಕ್ಕೆ ಮನುಷ್ಯರ ಮೇಲೇ ಆಗಿರೋ ಪ್ರಯೋಗಗಳ ಬಲ ಇದೆ.

ನಿಮ್ಮ ತಮ್ಮನ ಮಗಳಿಗೆ ಒಂದು ಸಹಾಯ ಮಾಡಿ. ಮುಂದಿನ ಸಲ ಊರಿಗೆ ಬಂದಾಗ ಅಮ್ಮ ದಿನಾ ಸೊಪ್ಪು ಕೀಳೋ ಅದೇ ಗಿಡದಿಂದ ಹೂ ಬಿಟ್ಟಿರೋ ಒಂದು ಕೊಂಬೆ ಕತ್ತರಿಸಿ, ನ್ಯೂಸ್‌ಪೇಪರ್ ಮಧ್ಯೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸಿ ಕೊಟ್ಟು ಕಳಿಸಿ, ಜಾಗ ಮತ್ತೆ ತಾರೀಖು ಒಂದು ಚೀಟಿಯಲ್ಲಿ ಬರೆದಿಡಿ. ಅವಳು ಪ್ರಯೋಗ ಮಾಡಿದ ಲಕ್ಕಿನೂ ನಿಮ್ಮ ಅಮ್ಮನ ಲಕ್ಕಿನೂ ಒಂದೇನಾ ಅಂತ ಮೊದಲು ಅದನ್ನ ಇಟ್ಟು ನೋಡಲಿ.